ಇನ್ನೂರು ರೂಪಾಯಿ ದಂಡ ಮತ್ತು ವೀಸಾ ಅರ್ಜಿಯ ಒಂದು ಪ್ರಶ್ನೆ

ರಾತ್ರಿ ಹನ್ನೊಂದು ದಾಟಿತ್ತು. ಮಗಳು ಮಲಗಿದ್ದಳು. ಹೆಂಡತಿ ಸೋಫಾ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ನಾನು ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಗ್ಲೆಂಡಿನ ಕೆಲಸದ ವೀಸಾ ಅರ್ಜಿ ತುಂಬುತ್ತಿದ್ದೆ. ಹೆಸರು, ಹುಟ್ಟಿದ ಊರು, ಅಪ್ಪ ಅಮ್ಮನ ಹುಟ್ಟಿದ ದಿನ (ಅಪ್ಪನದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ, ಅದು ಬೇರೆ ಕಥೆ), ಹತ್ತು ವರ್ಷದಲ್ಲಿ ಹೋಗಿಬಂದ ದೇಶಗಳು. ಎಲ್ಲ ಸಲೀಸಾಗಿ ಹೋಗ್ತಿತ್ತು. ಆಮೇಲೆ ಆ ಪುಟ ಬಂತು.

ಬ್ರಿಟನ್‌ನಲ್ಲಾಗಲಿ ಬೇರೆ ಯಾವ ದೇಶದಲ್ಲಾಗಲಿ ನಿಮಗೆ ಇವುಗಳಲ್ಲಿ ಯಾವುದಾದರೂ ಆಗಿದೆಯಾ ಅಂತ ಕೇಳಿ ಕೆಳಗೆ ಒಂದು ಪಟ್ಟಿ ಕೊಟ್ಟಿದ್ದರು. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ, ವಾಹನ ಓಡಿಸುವಾಗಿನ ತಪ್ಪಿಗೆ ದಂಡ, ವಿಚಾರಣೆಗೆ ಬಾಕಿ ಇರುವ ಕೇಸು, ಪೊಲೀಸರ ಎಚ್ಚರಿಕೆ, ಸಾಲ ಕಟ್ಟದ್ದಕ್ಕೆ ಕೋರ್ಟ್ ತೀರ್ಪು, ಹೀಗೆ. ಕೊನೆಯ ಆಯ್ಕೆ: ಇಲ್ಲ, ಇವ್ಯಾವುವೂ ನನಗೆ ಆಗಿಲ್ಲ.

‘ಯಾಕ್ರೀ ನಿಂತ್ಬಿಟ್ರಿ?’ ಅಂದಳು. ಏನು ಪ್ರಶ್ನೆ ಅಂತ ಹೇಳಿದೆ. ಜೋರಾಗಿ ನಕ್ಕಳು. ‘ನಿಮ್ಮಂಥವರ ಮೇಲೆ ಯಾವ ಕೇಸು ಹಾಕ್ತಾರೆ? ಇಲ್ಲ ಅಂತ ಒತ್ತಿ ಮುಂದಕ್ಕೆ ಹೋಗಿ.’

ನಾನು ಲ್ಯಾಪ್‌ಟಾಪ್ ಮುಚ್ಚಿ, ನೆಟ್ ಸರಿಯಿಲ್ಲ ಅಂದೆ.

ವರ್ಷತೊಡಕಿನ ಆಟ

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಯುಗಾದಿ ಮಾರನೇ ದಿನ ನಮ್ಮ ಕಡೆ ವರ್ಷತೊಡಕು. ಬೆಳಿಗ್ಗೆಯೇ ಗುಡ್ಡೆ ಮಾಂಸ ತಂದು, ಮಧ್ಯಾಹ್ನ ಮುದ್ದೆ ಉಂಡು, ಗಂಡಸರೆಲ್ಲ ಇಸ್ಪೀಟು ಹಿಡಿದು ಕೂರೋದು. ವರ್ಷವಿಡೀ ಎಲೆ ಮುಟ್ಟದವರೂ ಆ ದಿನ ಒಂದು ಕೈ ಆಡ್ತಾರೆ. ನಮ್ಮಜ್ಜ ಆಡ್ತಿದ್ದರು, ಊರ ಪೂಜಾರಪ್ಪನೂ ಆಡ್ತಿದ್ದರು. ಅದನ್ನು ಜೂಜು ಅಂತ ಯಾರೂ ಅಂದುಕೊಂಡಿರಲಿಲ್ಲ. ಹಾಗೆ ನೋಡಿದರೆ ಅದು ಜೂಜೇ, ಚಾಪೆ ಮೇಲೆ ದುಡ್ಡು ಇರ್ತಿತ್ತು.

2014ರಲ್ಲಿ ನಾನು ಮೈಸೂರಿನಲ್ಲಿ ಕೊನೇ ಸೆಮಿಸ್ಟರ್ ಎಂಜಿನಿಯರಿಂಗ್ ಓದ್ತಿದ್ದೆ. ಹಬ್ಬಕ್ಕೆ ಊರಿಗೆ ಬಂದಿದ್ದೆ. ಅರಳಿಕಟ್ಟೆ ಪಕ್ಕ ಚಾಪೆ ಹಾಕಿ ಏಳು ಜನ ಅಂದರ್ ಬಾಹರ್ ಆಡ್ತಿದ್ದೆವು. ಅದು ಲೋಕಸಭಾ ಚುನಾವಣೆ ಹೊತ್ತು. ಏಪ್ರಿಲ್ 17ಕ್ಕೆ ರಾಜ್ಯದಲ್ಲಿ ಮತದಾನ. ನೀತಿ ಸಂಹಿತೆ ಜಾರಿಯಲ್ಲಿತ್ತು, ಪೊಲೀಸರ ಓಡಾಟ ಹೆಚ್ಚಿತ್ತು. ನಮ್ಮ ತಲೆಗೆ ಅದು ಬರಲೇ ಇಲ್ಲ. ಜೀಪು ಬಂತು. ಓಡುವವರು ಓಡಿದರು. ಇಬ್ಬರು ಗದ್ದೆ ಬದು ಹಾರಿ ಹೋದವರು ಸಂಜೆ ತಾವಾಗೇ ಠಾಣೆಗೆ ಬಂದರು, ಚಪ್ಪಲಿ ಬಿಟ್ಟು ಹೋಗಿದ್ದರಿಂದ ಯಾರು ಅಂತ ಊರಿಗೆಲ್ಲ ಗೊತ್ತಾಗಿತ್ತು. ನಾನು ಎದ್ದು ನಿಲ್ಲೋಕೂ ಆಗದೆ ಕೂತಲ್ಲೇ ಸಿಕ್ಕಿಬಿದ್ದೆ.

52 ಎಲೆ, ಒಂದು ಪ್ಲಾಸ್ಟಿಕ್ ಚಾಪೆ, 1,840 ರೂಪಾಯಿ. ಅಷ್ಟನ್ನೂ ಪಂಚನಾಮೆಯಲ್ಲಿ ಬರೆದುಕೊಂಡರು. ಅದರಲ್ಲಿ 140 ನಾನು ಗೆದ್ದದ್ದು. ಠಾಣೆಯಲ್ಲಿ ಸಹಿ ಹಾಕಿಸಿಕೊಂಡು, ರಾತ್ರಿ ಎಂಟಕ್ಕೆ ಜಾಮೀನಿನ ಮೇಲೆ ಬಿಟ್ಟರು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ದಫೇದಾರರು ‘ಓದೋ ಹುಡುಗ ಕಣಯ್ಯಾ ನೀನು’ ಅಂದದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಎರಡು ದಿನ ಬಿಟ್ಟು ಜಿಲ್ಲಾ ಪತ್ರಿಕೆಯೊಂದರ ಮೂಲೆಯಲ್ಲಿ ‘ಜೂಜು ಅಡ್ಡೆ ಮೇಲೆ ದಾಳಿ, 7 ಮಂದಿ ಬಂಧನ’ ಅಂತ ಬಂತು. ಅಪ್ಪ ಹೋಟೆಲ್‌ಗೆ ಬರುತ್ತಿದ್ದ ಆ ಪೇಪರ್ ಎತ್ತಿಕೊಂಡು ಬಂದು ಒಲೆಗೆ ಹಾಕಿದರು. ನಮ್ಮ ಕಟ್ಟೆ ಆ ದಿನ ‘ಅಡ್ಡೆ’ ಆಯ್ತು ಅಂತ ಅಮ್ಮನಿಗೆ ಬಹಳ ಬೇಜಾರು.

ಕರ್ನಾಟಕ ಪೊಲೀಸ್ ಕಾಯ್ದೆ 1963, ಸೆಕ್ಷನ್ 87. ಸಾರ್ವಜನಿಕ ಜಾಗದಲ್ಲಿ ಜೂಜಾಡುವುದರ ಬಗ್ಗೆ ಇರೋದು. ಅದೇ ಆಟ ನಮ್ಮನೆ ಹಜಾರದಲ್ಲಿ ಆಡಿದ್ದರೆ ಈ ಸೆಕ್ಷನ್ ಬರ್ತಿರಲಿಲ್ಲ ಅಂತ ಲಾಯರ್ ಆಮೇಲೆ ಹೇಳಿದರು.

ಆಗಸ್ಟ್‌ನಲ್ಲಿ ತಾಲ್ಲೂಕು ಕೋರ್ಟಿಗೆ ಹೋದೆವು. ಅಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಬೆಂಗಳೂರಿನ ಕೆಲಸದ ಆಫರ್ ಲೆಟರ್ ಇತ್ತು. ಲಾಯರ್ ಸಾಹೇಬರು ಏಳೂ ಜನರನ್ನು ಸಾಲಾಗಿ ನಿಲ್ಲಿಸಿ, ‘ಕೇಸು ನಡೆಸ್ತೀವಿ ಅಂದ್ರೆ ಎರಡು ವರ್ಷ ಅಲೀಬೇಕು. ತಪ್ಪಾಯ್ತು ಅಂತ ಒಪ್ಕಳಿ, ದಂಡ ಕಟ್ಟಿ, ಹತ್ತು ನಿಮಿಷಕ್ಕೆ ಮನೆಗೆ ಹೋಗಿ’ ಅಂದರು. ಒಪ್ಪಿಕೊಂಡೆವು. ತಲಾ 200 ರೂಪಾಯಿ ದಂಡ. ರಸೀದಿ ಜೇಬಿಗೆ ಹಾಕಿಕೊಂಡು ಎದುರಿನ ಹೋಟೆಲಲ್ಲಿ ದೋಸೆ ತಿಂದೆವು. ದೋಸೆ ಬಿಲ್ಲು ದಂಡಕ್ಕಿಂತ ಜಾಸ್ತಿ ಆಯ್ತು ಅಂತ ನಕ್ಕಿದ್ದೂ ನೆನಪಿದೆ.

‘ಒಪ್ಕಳಿ’ ಅನ್ನುವ ಆ ಮಾತಿಗೆ ಕಾನೂನಿನಲ್ಲಿ ಏನು ಅರ್ಥ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕೇಸು ‘ಮುಚ್ಚಿಹೋಯ್ತು’ ಅಂತ ನಾವು ಅಂದುಕೊಳ್ತೇವೆ. ಕೋರ್ಟಿನ ಲೆಕ್ಕದಲ್ಲಿ ಅದು ಅಪರಾಧ ಸಾಬೀತಾಗಿ ಶಿಕ್ಷೆ ಆದ ಕೇಸು. ಶಿಕ್ಷೆ ಜೈಲೇ ಆಗಬೇಕಿಲ್ಲ. 200 ರೂಪಾಯಿಯೂ ಶಿಕ್ಷೆಯೇ.

‘ಪಾಸ್‌ಪೋರ್ಟಿಗೆ ತೊಂದ್ರೆ ಆಯ್ತೇನ್ಲಾ?’

ಲ್ಯಾಪ್‌ಟಾಪ್ ಮುಚ್ಚಿದ ಮಾರನೇ ದಿನ ಆಫೀಸಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಇದು 2023ರ ಮಾತು, ಕೇಸಾಗಿ ಒಂಬತ್ತು ವರ್ಷ ಆಗಿತ್ತು. ಅಪ್ಪನ ವಾದ ಸರಳ. ‘ಪಾಸ್‌ಪೋರ್ಟಿಗೆ ಪೊಲೀಸ್ರು ಮನೆಗೇ ಬಂದಿದ್ರಲ್ಲ, ಆಗ ತೊಂದ್ರೆ ಆಯ್ತೇನ್ಲಾ? ನಮ್ಮ ಸರ್ಕಾರಾನೇ ಕೇಳ್ಲಿಲ್ಲ. ಅವ್ರ್‌ಗ್ಯಾಕೆ ಹೇಳ್ಬೇಕು?’

ಇದು ಬಹಳ ಜನ ಮಾಡುವ ತಪ್ಪು ಲೆಕ್ಕ, ನಾನೂ ಮಾಡಿದ್ದೆ. ನಮ್ಮ ಪಾಸ್‌ಪೋರ್ಟ್ ಕಾಯ್ದೆ ನೋಡುವುದು ಮುಖ್ಯವಾಗಿ ಎರಡನ್ನು. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದೆಯಾ? ಹಿಂದಿನ ಐದು ವರ್ಷದಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಆಗಿದೆಯಾ? ನಾನು ಪಾಸ್‌ಪೋರ್ಟ್ ಮಾಡಿಸಿದ್ದು 2015ರಲ್ಲಿ. ಕೇಸು ಮುಗಿದಿತ್ತು, ಜೈಲು ಆಗಿರಲಿಲ್ಲ. ಹಾಗಾಗಿ ಎರಡಕ್ಕೂ ‘ಇಲ್ಲ’ ಅನ್ನುವುದು ನಿಜವಾದ ಉತ್ತರವೇ. ವೀಸಾ ಅರ್ಜಿ ಕೇಳುವುದು ಬೇರೆ ಪ್ರಶ್ನೆ. ಒಂದು ಪ್ರಶ್ನೆಗೆ ಕೊಟ್ಟ ಸರಿಯಾದ ಉತ್ತರ ಇನ್ನೊಂದಕ್ಕೆ ಸುಳ್ಳಾಗಬಹುದು.

ಗೆಳೆಯನೊಬ್ಬ ಒಂದು ವೀಸಾ ಕನ್ಸಲ್ಟೆನ್ಸಿಗೆ ಕಳಿಸಿದ. ಅಲ್ಲಿದ್ದ ಹುಡುಗ ನನಗಿಂತ ಹತ್ತು ವರ್ಷ ಚಿಕ್ಕವನು. ‘ಸಾರ್, ತಾಲ್ಲೂಕು ಕೋರ್ಟಿನ ಇಸ್ಪೀಟ್ ಕೇಸ್ ಲಂಡನ್‌ನಲ್ಲಿ ಯಾರಿಗೆ ಕಾಣ್ಸುತ್ತೆ? ಇಲ್ಲ ಅಂತ ಹಾಕಿ. ಹೇಳಿದ್ರೇನೇ ಪ್ರಾಬ್ಲಂ’ ಅಂದ. ಸಮಾಧಾನ ಆಯ್ತು. ನಿಜ ಹೇಳಬೇಕು ಅಂದ್ರೆ, ನನಗೆ ಬೇಕಿದ್ದ ಮಾತನ್ನೇ ಅವನು ಹೇಳಿದ್ದ.

ಆದರೂ ಆ ರಾತ್ರಿ ಯಾಕೋ ಫೋನ್‌ನಲ್ಲಿ ಇ-ಕೋರ್ಟ್ಸ್ ವೆಬ್‌ಸೈಟ್ ತೆಗೆದೆ. ರಾಜ್ಯ, ಜಿಲ್ಲೆ, ಕೋರ್ಟು ಆರಿಸಿ, ಕಕ್ಷಿದಾರರ ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಿ, ವರ್ಷ 2014 ಅಂತ ಕೊಟ್ಟೆ. ಎರಡು ಸಲ ಕ್ಯಾಪ್ಚಾ ತಪ್ಪಿತು. ಮೂರನೇ ಸಲ ಬಂತು. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ನಾವು ಏಳು ಜನ. ನಾಲ್ಕನೇ ಹೆಸರು ನನ್ನದು, ಅಪ್ಪನ ಹೆಸರಿನ ಸಮೇತ. ಕಾಯ್ದೆ, ಸೆಕ್ಷನ್, ತೀರ್ಮಾನದ ದಿನಾಂಕ, ತಪ್ಪೊಪ್ಪಿಗೆ. ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ನಾನು ನೋಡುತ್ತಿದ್ದ ಆ ಪುಟವನ್ನು ಲೀಡ್ಸ್‌ನಲ್ಲೋ ಲಂಡನ್‌ನಲ್ಲೋ ಕೂತವರು ಯಾರು ಬೇಕಾದರೂ ನೋಡಬಹುದು. ಪಾಸ್‌ವರ್ಡೂ ಬೇಕಿಲ್ಲ.

ಹೇಳಬೇಕಾದವರು ಇನ್ನೊಬ್ಬರಿದ್ದರು

ಅರ್ಜಿಯಲ್ಲಿ ಬರೆಯುವುದಕ್ಕಿಂತ ಕಷ್ಟದ್ದು ಮನೆಯಲ್ಲೇ ಇತ್ತು. ಹೆಂಡತಿಗೆ ಈ ವಿಷಯ ಗೊತ್ತಿರಲಿಲ್ಲ.

ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ, 2016ರಲ್ಲಿ. ಮಾವ ತುಮಕೂರಿನ ಕಡೆ ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿದ್ದವರು. ಮಾತುಕತೆಗೆ ಬಂದಾಗ ‘ಹುಡುಗನಿಗೆ ಎಲೆಗಿಲೆ, ಬೀಡಿಗೀಡಿ ಯಾವ ಚಟಾನೂ ಇಲ್ಲ ತಾನೆ?’ ಅಂತ ಕೇಳಿದ್ದರು. ಅಪ್ಪ ತಟ್ಟೆಯಲ್ಲಿದ್ದ ವೀಳ್ಯದೆಲೆ ತೋರಿಸಿ, ‘ನಮ್ಮನೇಲಿ ಎಲೆ ಅಂದ್ರೆ ಇದೊಂದೇ ಸಾಮಿ’ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿನ ಮೇಲೆ ಏಳು ವರ್ಷ ಸಂಸಾರ ಮಾಡಿದ್ದೆ.

ಶನಿವಾರ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಬಂದು, ಕಾಫಿ ಮಾಡಿಕೊಟ್ಟು, ಹೇಳಿದೆ. ಅವಳು ಪೂರ್ತಿ ಕೇಳಿದಳು. ಮೊದಮೊದಲು ಅವಳ ಮುಖದಲ್ಲಿ ನಗುವೇ ಇತ್ತು, ಗದ್ದೆ ಬದು ಹಾರಿದವರ ಕಥೆಗೆ. ಆಮೇಲೆ ನಗು ನಿಂತಿತು.

‘ಇಸ್ಪೀಟ್ ಬಿಡಿ. ಏಳು ವರ್ಷದಲ್ಲಿ ಒಂದ್ಸಲಾನೂ ಹೇಳ್ಬೇಕು ಅನ್ನಿಸ್ಲಿಲ್ವಾ? ಈಗ್ಲೂ ನನಗೋಸ್ಕರ ಹೇಳ್ತಿಲ್ಲ ನೀವು. ಆ ಫಾರ್ಮ್ ಕೇಳ್ತು ಅಂತ ಹೇಳ್ತಿದ್ದೀರಿ.’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಮಗಳ ಟಿಫಿನ್ ಡಬ್ಬಿ, ಗ್ಯಾಸ್ ಸಿಲಿಂಡರ್, ಇಷ್ಟರ ಬಗ್ಗೆ ಮಾತ್ರ ಮಾತಾಡಿದೆವು. ಅವಳ ವೀಸಾ ನನ್ನ ವೀಸಾಕ್ಕೆ ಕಟ್ಟಿಕೊಂಡಿದ್ದು. ಅವಳು ಆಗಲೇ ಆಫೀಸಿನಲ್ಲಿ ರಾಜೀನಾಮೆ ಕೊಟ್ಟಿದ್ದಳು. ಮನೆ ಓನರ್‌ಗೂ ಖಾಲಿ ಮಾಡ್ತೀವಿ ಅಂತ ಹೇಳಿಯಾಗಿತ್ತು. ನಾನು ಒತ್ತುವ ಒಂದು ಬಟನ್ ಮೇಲೆ ಮೂರು ಜನರ ಬದುಕು ನಿಂತಿತ್ತು. ಹೀಗಿರುವಾಗ ಅವಳನ್ನು ಕೇಳದೆ ಒತ್ತಲು ನಾನು ಹೊರಟಿದ್ದೆ.

ಸೋಮವಾರ ಬೆಳಿಗ್ಗೆ ಅವಳೇ ಅಂದಳು: ‘ಆ ಕನ್ಸಲ್ಟೆಂಟ್ ಮಾತು ಕೇಳ್ಬೇಡಿ. ಕಂಪನಿಯ ವೀಸಾ ಲಾಯರ್ ಹತ್ರ ಮಾತಾಡಿ.’

ತಪ್ಪು ಚಿಕ್ಕದು, ಸುಳ್ಳು ದೊಡ್ಡದು

ಲಾಯರ್ ಜೊತೆ ಕಾಲ್ ಹದಿನೈದು ನಿಮಿಷ ನಡೆಯಿತು. ಯಾವ ವರ್ಷ, ಯಾವ ಸೆಕ್ಷನ್, ಶಿಕ್ಷೆ ಏನು, ದಂಡ ಕಟ್ಟಿದ್ದೀರಾ, ಆಮೇಲೆ ಇನ್ನೇನಾದರೂ ಆಗಿದೆಯಾ. ಅಷ್ಟೇ ಕೇಳಿದರು. ಆಕೆಯ ದನಿಯಲ್ಲಿ ಆಶ್ಚರ್ಯವೂ ಇರಲಿಲ್ಲ, ತಿರಸ್ಕಾರವೂ ಇರಲಿಲ್ಲ. ನಾನು ಒಂಬತ್ತು ವರ್ಷ ಬಚ್ಚಿಟ್ಟದ್ದು ಅವರಿಗೆ ದಿನದ ಹತ್ತು ಫೈಲುಗಳಲ್ಲಿ ಒಂದು.

ಅವರು ಹೇಳಿದ್ದು ಇಷ್ಟು. ಬ್ರಿಟನ್ನಿನ ವಲಸೆ ನಿಯಮದಲ್ಲಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆ ಆಗಿದ್ದರೆ ವೀಸಾ ನಿರಾಕರಿಸಲೇಬೇಕು. ಅದಕ್ಕಿಂತ ಕಡಿಮೆ ಜೈಲು, ಅಥವಾ ಬರೀ ದಂಡ ಆಗಿದ್ದರೆ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಒಂದು ಹಳೇ ಸಣ್ಣ ದಂಡದ ಮೇಲೆ ನಿರಾಕರಿಸುವ ಸಾಧ್ಯತೆ ಕಡಿಮೆ, ಆದರೆ ಇಲ್ಲ ಅಂತ ಹೇಳಲಾಗದು. ಅದೇ ಮುಚ್ಚಿಟ್ಟದ್ದು ಗೊತ್ತಾದರೆ ಅದನ್ನು ವಂಚನೆ ಅನ್ನುತ್ತಾರೆ, 10 ವರ್ಷದವರೆಗೆ ಬಾಗಿಲು ಮುಚ್ಚಬಹುದು. ‘ಇಷ್ಟು ಹಳೇದಲ್ವಾ?’ ಅಂದೆ. ವಲಸೆ ಅರ್ಜಿಯ ಮಟ್ಟಿಗೆ ಹಳೇದಾಯ್ತು ಅನ್ನುವ ವಿನಾಯ್ತಿ ಇಲ್ಲ, ಎಷ್ಟೇ ಹಿಂದಿನದಾದರೂ ಬರೀಬೇಕು ಅಂದರು.

ಆಮೇಲೆ ನಾನು ಬೇರೆ ದೇಶಗಳದ್ದೂ ಓದಿಕೊಂಡೆ. ನಾನು ವಕೀಲನಲ್ಲ, ನಿಮ್ಮ ಕೇಸಿಗೆ ನಿಮ್ಮ ವಕೀಲರನ್ನೇ ಕೇಳಿ. ಆದರೆ ಪ್ರಶ್ನೆಗಳು ಎಷ್ಟು ಬೇರೆ ಬೇರೆ ಅಂತ ತಿಳಿದಿರಲಿ.

ಅಮೆರಿಕದ ಡಿಎಸ್-160 ಅರ್ಜಿ ಕೇಳುವುದು ನಿಮ್ಮನ್ನು ಯಾವತ್ತಾದರೂ ಬಂಧಿಸಿದ್ದಾರಾ ಅಥವಾ ಶಿಕ್ಷೆ ಆಗಿದೆಯಾ ಅಂತ, ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಅಂತ. ‘ಬಂಧನ’ ಅನ್ನುವ ಪದ ನೋಡಿ. ಕೇಸು ಬಿದ್ದುಹೋಗಿದ್ದರೂ, ಖುಲಾಸೆ ಆಗಿದ್ದರೂ ಬಂಧನ ಆದದ್ದು ಆದದ್ದೇ. ನಮ್ಮ ಮಂಡ್ಯ ಕಡೆ ಕಾವೇರಿ ಗಲಾಟೆಯಲ್ಲಿ ರಸ್ತೆ ತಡೆ ಮಾಡಿ ಕೇಸು ಹಾಕಿಸಿಕೊಂಡ ಹುಡುಗರು ಎಷ್ಟೋ ಜನ. ‘ಸರ್ಕಾರ ಕೇಸ್ ವಾಪಸ್ ತಗೊಂಡಿದೆ, ಹೇಳೋ ಅಗತ್ಯ ಇಲ್ಲ’ ಅಂತ ಅವರಲ್ಲೊಬ್ಬ ನನಗೆ ಹೇಳಿದ್ದ. ಅವತ್ತು ಅವನನ್ನು ಬಂಧಿಸಿದ್ದರೆ, ಅಮೆರಿಕದ ಅರ್ಜಿಯಲ್ಲಿ ಆ ಮಾತು ನಡೆಯಲ್ಲ. ಅಲ್ಲಿ ಮುಖ್ಯ ವಿಷಯ ಮುಚ್ಚಿಟ್ಟು ಸಿಕ್ಕಿಬಿದ್ದರೆ ಜೀವಮಾನ ಪೂರ್ತಿ ಅನರ್ಹತೆ. ವಿನಾಯ್ತಿ ಕೇಳಬಹುದು, ಸಿಗುತ್ತೆ ಅನ್ನುವ ಖಾತ್ರಿ ಇಲ್ಲ.

ಕೆನಡಾ ಇನ್ನೂ ಅಗಲವಾಗಿ ಕೇಳುತ್ತೆ: ಯಾವುದೇ ದೇಶದಲ್ಲಿ ಅಪರಾಧ ಎಸಗಿದ್ದೀರಾ, ಬಂಧನ ಆಗಿದೆಯಾ, ಆರೋಪ ಬಂದಿದೆಯಾ, ಶಿಕ್ಷೆ ಆಗಿದೆಯಾ. ಸುಳ್ಳು ಹೇಳಿದರೆ 5 ವರ್ಷ ನಿಷೇಧ. ಆಸ್ಟ್ರೇಲಿಯಾದ ಅರ್ಜಿ ದಾಖಲೆಯಿಂದ ತೆಗೆದುಹಾಕಿದ ಶಿಕ್ಷೆಯನ್ನೂ ಹೇಳಿ ಅನ್ನುತ್ತೆ. ಅಲ್ಲಿ ಸುಳ್ಳು ಮಾಹಿತಿಗೆ ಸಾಮಾನ್ಯವಾಗಿ 3 ವರ್ಷ ಬಾಗಿಲು ಬಂದ್.

ಇನ್ನು ಟ್ರಾಫಿಕ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಬೆಂಗಳೂರಿನಲ್ಲಿ ಗಾಡಿ ಓಡಿಸುವವರಲ್ಲಿ ದಂಡ ಕಟ್ಟದವರು ಸಿಗುವುದು ಅಪರೂಪ. 2023ರ ಫೆಬ್ರವರಿಯಲ್ಲಿ ಹಳೇ ದಂಡಕ್ಕೆ ಶೇ 50 ರಿಯಾಯ್ತಿ ಕೊಟ್ಟಾಗ ಜನ ಠಾಣೆ ಮುಂದೆ ಸಾಲು ನಿಂತಿದ್ದು ನಿಮಗೂ ನೆನಪಿರಬಹುದು. ಆ ಸಾಲಿನಲ್ಲಿ ನಾನೂ ಇದ್ದೆ. ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ಜಂಪ್, ನೋ ಪಾರ್ಕಿಂಗ್, ಹೀಗೆ ಸ್ಥಳದಲ್ಲೇ ಕಟ್ಟಿ ಮುಗಿಸುವ ದಂಡ ಬಂಧನ ಅಲ್ಲ. ಹಾಗಾಗಿ ಅಮೆರಿಕದ ಸಾಧಾರಣ ವೀಸಾ ಪ್ರಶ್ನೆಗೆ ಅದು ಬರಲ್ಲ. ಆದರೆ ಅಲ್ಲೇ ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಪೊಲೀಸರು ಚೀಟಿ ಕೊಟ್ಟದ್ದನ್ನೂ ಕೇಳುವ ಪ್ರಶ್ನೆ ಬಂದಿದೆ. ಬ್ರಿಟನ್ನಿನ ಪಟ್ಟಿಯಲ್ಲಂತೂ ವಾಹನದ ದಂಡ ಅಂತ ಪ್ರತ್ಯೇಕ ಸಾಲೇ ಇದೆ. ಉದಾಹರಣೆಗೆ ಕೊಟ್ಟಿರುವುದು ಲೈಸೆನ್ಸ್ ಕಿತ್ತುಕೊಳ್ಳುವಂಥ ಅತಿವೇಗ, ವಿಮೆ ಇಲ್ಲದೆ ಓಡಿಸುವುದು. ನನ್ನ ಎರಡು ಹೆಲ್ಮೆಟ್ ದಂಡಗಳನ್ನೂ ಒಂದು ಸಾಲಿನಲ್ಲಿ ಬರೆದುಬಿಡಿ, ಬರೆದರೆ ನಷ್ಟ ಇಲ್ಲ ಅಂದರು ಲಾಯರ್.

ಕುಡಿದು ಓಡಿಸಿದ ಕೇಸು ಮಾತ್ರ ಈ ಗುಂಪಿಗೆ ಸೇರಲ್ಲ. ‘ಹತ್ತು ಸಾವಿರ ಫೈನ್ ಕಟ್ಟಿ ಗಾಡಿ ಬಿಡಿಸ್ಕೊಂಡೆ’ ಅಂತ ಹೇಳುವ ಸಹೋದ್ಯೋಗಿಗಳು ನಿಮ್ಮ ಆಫೀಸಿನಲ್ಲೂ ಇರ್ತಾರೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರ ಪ್ರಕಾರ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಅಪರಾಧ. 2019ರ ತಿದ್ದುಪಡಿ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅದನ್ನು ಕಟ್ಟಿಸಿಕೊಂಡದ್ದು ಕೋರ್ಟು. ಅಂದ್ರೆ ಅದೂ ನನ್ನ ಇಸ್ಪೀಟಿನ ಹಾಗೆ ಶಿಕ್ಷೆಯೇ, ಆದರೆ ತೂಕ ಬೇರೆ. ಕೆನಡಾ 2018ರ ಡಿಸೆಂಬರ್‌ನಿಂದ ಕುಡಿದು ಓಡಿಸುವುದನ್ನು ಗರಿಷ್ಠ 10 ವರ್ಷ ಶಿಕ್ಷೆಯ ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿದೆ. ಅಲ್ಲಿನ ಕ್ರಿಮಿನಲ್ ಮಿತಿ 80 ಮಿಲಿಗ್ರಾಂ, ನಮ್ಮದು 30. ಹಾಗಾಗಿ ನಿಮ್ಮ ಉಸಿರಾಟದ ಪರೀಕ್ಷೆಯ ಚೀಟಿಯಲ್ಲಿ ಎಷ್ಟು ಬರೆದಿದೆ ಅನ್ನುವುದೂ ಅಲ್ಲಿ ಮುಖ್ಯವಾಗುತ್ತೆ. ಆ ಚೀಟಿ ಎಸೆಯಬೇಡಿ. ಅಮೆರಿಕದವರು ಹಿಂದಿನ 5 ವರ್ಷದಲ್ಲಿ ಇಂಥ ಒಂದು ಬಂಧನ ಅಥವಾ ಶಿಕ್ಷೆ ಇದ್ದರೂ ತಾವು ಗೊತ್ತುಮಾಡಿದ ವೈದ್ಯರ ಹತ್ತಿರ ತಪಾಸಣೆಗೆ ಕಳಿಸುತ್ತಾರೆ.

ನಕಲು ತರಲು ಹೋದದ್ದು

ರಸೀದಿ ಯಾವತ್ತೋ ಕಳೆದುಹೋಗಿತ್ತು. ಕೋರ್ಟಿನ ಆದೇಶದ ದೃಢೀಕೃತ ನಕಲು ಬೇಕಿತ್ತು. ಒಂಬತ್ತು ವರ್ಷದ ನಂತರ ಅದೇ ಕೋರ್ಟಿಗೆ ಹೋದೆ. ಅಪ್ಪನೂ ಬಂದರು, ಬೇಡ ಅಂದರೂ ಕೇಳಲಿಲ್ಲ. ಅವತ್ತು ನಮ್ಮನ್ನು ಸಾಲಾಗಿ ನಿಲ್ಲಿಸಿದ್ದ ಲಾಯರ್ ಈಗ ಇಲ್ಲ. ಅವರ ಮಗ ಪ್ರಾಕ್ಟೀಸ್ ಮಾಡ್ತಿದ್ದಾರೆ.

ಇ-ಕೋರ್ಟ್ಸ್ ಪುಟದಲ್ಲಿ ಸಿಕ್ಕಿದ್ದ ಕೇಸ್ ನಂಬರು ಇದ್ದಿದ್ದರಿಂದ ಅರ್ಧ ಕೆಲಸ ಮುಗಿದಿತ್ತು. ನಂಬರಿಲ್ಲದೆ ಹೋಗಿದ್ದರೆ ಹಳೇ ರಿಜಿಸ್ಟರ್ ತಿರುವಬೇಕಿತ್ತಂತೆ. ನಕಲು ವಿಭಾಗಕ್ಕೆ ಅರ್ಜಿ, ಅದಕ್ಕೆ ಸ್ಟ್ಯಾಂಪು, ಕಡತ ರೆಕಾರ್ಡ್ ರೂಮಿನಿಂದ ಬರಬೇಕು. ಒಂಬತ್ತು ದಿನ ಹಿಡಿಯಿತು. ಸಣ್ಣ ಕೇಸುಗಳ ಹಳೇ ಕಡತ ಕೆಲವು ಕಡೆ ಸಿಗದೇ ಇರುವುದೂ ಉಂಟು. ಆಗ ಕಡತ ಲಭ್ಯವಿಲ್ಲ ಅಂತ ಕೋರ್ಟಿನಿಂದಲೇ ಹಿಂಬರಹ ಬರೆಸಿಕೊಳ್ಳಿ, ಅದೂ ದಾಖಲೆಯೇ ಅಂದರು ಲಾಯರ್ ಮಗ.

ಕಟ್ಟಡದ ಹೊರಗೆ ಹೊಂಗೆ ಮರದ ಕೆಳಗೆ ಅಪ್ಪ ಕೂತಿದ್ದರು. ನಕಲು ಕೈಗೆ ಕೊಟ್ಟೆ. ಕನ್ನಡದಲ್ಲೇ ಇತ್ತು. ಎರಡು ಸಲ ಓದಿದರು. ‘ಆರೋಪಿ 4’ ಅನ್ನುವ ಪದದ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಹಾಗೇ ಇದ್ದರು.

‘ಇದ್ನ ಅವ್ರ್‌ಗೆ ಕಳಿಸ್ತೀಯೇನ್ಲಾ?’

‘ಹೂಂ ಅಪ್ಪ.’

‘ಪೇಪರ್ ಸುಟ್ಟಾಕಿದ್ದೆ ನಾನು.’

ಅಷ್ಟೇ ಅಂದರು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತರು.

ಕನ್ನಡದ ಆದೇಶಕ್ಕೆ ಇಂಗ್ಲಿಷ್ ಅನುವಾದ ಮಾಡಿಸಬೇಕು. ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ, ಜೊತೆಗೆ ಇದು ಮೂಲಕ್ಕೆ ಸರಿಯಾದ ಅನುವಾದ ಅನ್ನುವ ಮಾತು, ಇಷ್ಟೂ ಇರಬೇಕು. ‘ಅರಳಿಕಟ್ಟೆ’ಯನ್ನು ಇಂಗ್ಲಿಷಿಗೆ ತರಲು ಅನುವಾದಕರು ನನಗೆ ಎರಡು ಸಲ ಫೋನ್ ಮಾಡಿದರು.

ಇನ್ನು ವಿವರಣೆ. ಮೊದಲು ನಾನು ಎರಡು ಪುಟ ಬರೆದೆ. ಯುಗಾದಿ ಹಬ್ಬದ ಮಹತ್ವ, ಗ್ರಾಮೀಣ ಸಂಸ್ಕೃತಿ, ಚುನಾವಣೆ ಸಮಯದ ಬಿಗಿ ಬಂದೋಬಸ್ತು. ಓದಿಕೊಂಡಾಗ ನನಗೇ ಚೆನ್ನಾಗಿದೆ ಅನ್ನಿಸಿತು. ಹೆಂಡತಿಗೆ ತೋರಿಸಿದೆ. ಅವಳು ಪೆನ್ ತಗೊಂಡು ಎಂಟು ಸಾಲು ಉಳಿಸಿ ಮಿಕ್ಕದ್ದನ್ನೆಲ್ಲ ಹೊಡೆದುಹಾಕಿದಳು. ದಿನಾಂಕ, ಜಾಗ, ಏನು ಮಾಡ್ತಿದ್ದೆ, ಯಾವ ಕಾಯ್ದೆ, ತಪ್ಪೊಪ್ಪಿಕೊಂಡೆ, 200 ರೂಪಾಯಿ ಕಟ್ಟಿದೆ, ಆಮೇಲೆ ಬೇರೆ ಯಾವ ಕೇಸೂ ಇಲ್ಲ, ಆದೇಶದ ನಕಲು ಲಗತ್ತಿಸಿದ್ದೇನೆ. ‘ನೀವು ಆಡಿದ್ದು ನಿಜ ತಾನೆ? ಸಂಸ್ಕೃತಿ ಯಾಕೆ ಎಳೀತೀರಿ?’ ಅಂದಳು. ಲಾಯರ್ ಆ ಎಂಟು ಸಾಲಿನಲ್ಲಿ ಒಂದು ಪದವನ್ನೂ ಬದಲಿಸಲಿಲ್ಲ.

ಮಾವ ಕೇಳಿದ ಪ್ರಶ್ನೆ

‘ಅಪ್ಪಂಗೆ ನೀವೇ ಹೇಳಿ’ ಅಂದಿದ್ದಳು. ವೀಸಾ ಬರದಿದ್ದರೆ ಕಾರಣ ಹೇಳಲೇಬೇಕಾಗುತ್ತೆ. ಆಗ ಹೇಳುವುದಕ್ಕಿಂತ ಮೊದಲೇ ಹೇಳುವುದು ಲೇಸು ಅಂತ ತುಮಕೂರಿಗೆ ಹೋದೆ. ಅತ್ತೆ ಒಳಗೆ ಚಿತ್ರಾನ್ನ ಕಲಸ್ತಿದ್ದರು. ಮಾವ ಕನ್ನಡಕ ತೆಗೆದು ಒರೆಸುತ್ತಾ ಕೇಳಿಸಿಕೊಂಡರು.

‘ಎಷ್ಟು ಹೋಯ್ತು?’ ಅಂದರು.

‘ದಂಡಾನಾ ಮಾವ? ಇನ್ನೂರು.’

‘ಅಲ್ಲ, ಆಟದಲ್ಲಿ.’

‘ಗೆದ್ದಿದ್ದೆ ಮಾವ. ನೂರಾ ನಲವತ್ತು. ಜಪ್ತಿ ಆಯ್ತು.’

ನಗಲಿಲ್ಲ ಅವರು. ಸ್ವಲ್ಪ ಹೊತ್ತು ಬಿಟ್ಟು, ‘ಆವತ್ತೇ ಹೇಳಿದ್ರೆ ನಾನು ಸಂಬಂಧ ಬೇಡ ಅಂತಿದ್ದೆ ಅನ್ಕೊಂಡ್ರಾ?’ ಅಂತ ಕೇಳಿದರು.

‘ಹೌದು ಮಾವ.’

‘ಅಂತಿದ್ದೆ’ ಅಂದರು. ಆಮೇಲೆ ಒಳಗೆ ತಿರುಗಿ, ‘ಲೇ, ಅಳಿಯಂದ್ರಿಗೆ ಊಟಕ್ಕೆ ಹಾಕು’ ಅಂತ ಕೂಗಿದರು.

ಆ ‘ಅಂತಿದ್ದೆ’ ಇಬ್ಬರಿಗೂ ಒಳ್ಳೆಯದಾಯ್ತೋ ಕೆಟ್ಟದಾಯ್ತೋ, ನನಗೆ ಇವತ್ತಿಗೂ ತೀರ್ಮಾನ ಮಾಡೋಕಾಗಿಲ್ಲ. ಆವತ್ತು ಹೇಳಿದ್ದರೆ ಈ ಹೆಂಡತಿ, ಈ ಮಗಳು ಇರ್ತಿರಲಿಲ್ಲ. ಹೇಳದೆ ಇದ್ದದ್ದು ಸರಿ ಅನ್ನೋಕೂ ಬಾಯಿ ಬರಲ್ಲ.

ಅರ್ಜಿ ಕಳಿಸಿದೆವು, ಬೆರಳಚ್ಚು ಕೊಟ್ಟು ಬಂದೆವು. ನಮ್ಮ ಟೀಮಿನ ಇನ್ನಿಬ್ಬರಿಗೆ ಮೂರು ವಾರದೊಳಗೆ ಬಂತು. ನಮಗೆ ಬರಲಿಲ್ಲ. ನಿಮ್ಮ ಅರ್ಜಿ ಸರಳವಾದದ್ದಲ್ಲ, ತೀರ್ಮಾನಕ್ಕೆ ಇನ್ನೂ ಸಮಯ ಬೇಕು ಅಂತ ಒಂದು ಇಮೇಲ್ ಬಂತು. ಆ ಇಮೇಲ್ ಬಂದ ದಿನ ಕನ್ಸಲ್ಟೆನ್ಸಿಯ ಹುಡುಗನ ಮಾತು ನೆನಪಾಯ್ತು. ನಿರಾಕರಿಸಿದರೆ ಆರೋಗ್ಯ ಶುಲ್ಕ ವಾಪಸ್ ಬರುತ್ತೆ, ಅರ್ಜಿ ಶುಲ್ಕ ಬರಲ್ಲ. ಮೂರು ಜನರದ್ದು ಅಂದ್ರೆ ಸಣ್ಣ ಮೊತ್ತ ಅಲ್ಲ. ಮನೆ ಓನರ್‌ಗೆ ಇನ್ನೊಂದು ತಿಂಗಳು ಇರ್ತೀವಿ ಅಂತ ಹೇಳಿದೆವು. ಹೆಂಡತಿ ಹಳೇ ಆಫೀಸಿಗೆ ಫೋನ್ ಮಾಡಿ ಜಾಗ ಖಾಲಿ ಇದೆಯಾ ಅಂತ ಸುಮ್ಮನೆ ವಿಚಾರಿಸಿದಳು. ‘ನಾವು ತಪ್ಪು ಮಾಡಿದ್ವಾ?’ ಅಂತ ಒಂದು ರಾತ್ರಿ ಕೇಳಿದೆ. ‘ಮಲ್ಕೊಳ್ರೀ’ ಅಂದಳು.

ಏಳನೇ ವಾರ ಪಾಸ್‌ಪೋರ್ಟ್ ಬಂತು. ಮೂವರದ್ದೂ ವೀಸಾ ಆಗಿತ್ತು. ಜೊತೆಗೆ ಒಂದು ಪತ್ರ, ಅದರಲ್ಲಿ ಇಸ್ಪೀಟಿನ ಸುದ್ದಿಯೇ ಇಲ್ಲ.

ಇದನ್ನು ಲೀಡ್ಸ್‌ನಿಂದ ಬರೀತಿದ್ದೇನೆ. ಹೊರಡುವ ಮುಂಚೆ ಆ ನಕಲಿನ ಒಂದು ಪ್ರತಿಯನ್ನು ಊರಲ್ಲೇ ಇಡಲು ಹೋದೆ. ಅಪ್ಪ ಟ್ರಂಕ್ ತೆಗೆದು, ಜಮೀನಿನ ಪತ್ರ, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇರುವ ಕವರಿನಲ್ಲೇ ಅದನ್ನೂ ಸೇರಿಸಿದರು. ಇನ್ನೊಂದು ಪ್ರತಿ ಇಲ್ಲಿ ನನ್ನ ಫೈಲಿನಲ್ಲಿದೆ. ವೀಸಾ ಮುಂದುವರಿಸುವಾಗ ಅದೇ ಪುಟ, ಅದೇ ಪಟ್ಟಿ ಮತ್ತೆ ಬರುತ್ತೆ ಅಂತ ಲಾಯರ್ ಹೇಳಿದ್ದಾರೆ. ಎಂಟು ಸಾಲು ಹೆಂಡತಿಯ ಫೋನ್‌ನಲ್ಲಿ ಸೇವ್ ಆಗಿದೆ.